ತೋಟ ಬಿಡುವವರ ಲೆಕ್ಕ ಚುಕ್ತಾ: ನನ್ನ ಅನುಭವ

ಸಿದ್ದಾಪುರದ ಕಡೆ ಕಾಫಿ ತೋಟವೊಂದರಲ್ಲಿ ನಾನು ರೈಟರ್, ಅಂದರೆ ಹಾಜರಿ, ಕೂಲಿಯ ಲೆಕ್ಕ ಬರೆಯುವವನು. ಕೆಲಸ ಬಿಡುವವರ ಕೊನೆ ಲೆಕ್ಕವನ್ನು ಸಂಬಳ ಲೆಕ್ಕ ಹಾಕುವ ಪೇರೋಲ್ ಸಾಫ್ಟ್‌ವೇರ್‌ನಲ್ಲೇ ಮುಗಿಸುತ್ತೇನೆ ಅಂದಾಗ ಅಕ್ಕಪಕ್ಕದ ತೋಟದ ರೈಟರುಗಳು ಯಾರೂ ಒಪ್ಪಲಿಲ್ಲ. "ಅದೆಲ್ಲ ತಿಂಗಳ ಸಂಬಳದ ಆಫೀಸಿಗೆ ಸರಿ ಮಾರಾಯ. ದಿನಗೂಲಿ, ಕುಯ್ದ ಕಿಲೋ ಲೆಕ್ಕದ ಕೂಲಿ ಅದಕ್ಕೆಲ್ಲಿ ಗೊತ್ತಾಗ್ತದೆ?" ಅಂದರು. ಈ ಸಲ ಕುಯ್ಲು ಮುಗಿದ ಮೇಲೆ ನಾಲ್ಕೈದು ಮಂದಿಯ ಲೆಕ್ಕ ಅದರಲ್ಲೇ ಚುಕ್ತಾ ಆಗಿದೆ. ಕೈಲೆಕ್ಕಕ್ಕೂ ಅದಕ್ಕೂ ಒಂದು ರೂಪಾಯಿ ಫರಕು ಬಂದಿಲ್ಲ.

ಮೊದಲು ಕೈಕೊಟ್ಟಿದ್ದು ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದು ಬಿಡುವವರಿಗೆ ಸರ್ವಿಸ್ ಲೆಕ್ಕದಲ್ಲಿ ಕೊಡುವ ಗಂಟು. ಸಾಫ್ಟ್‌ವೇರ್ ಜೊತೆ ಬಂದ ಸೂತ್ರ ತಿಂಗಳಿಗೆ 30 ದಿನ ಹಿಡಿಯುತ್ತಿತ್ತು, ನಮಗೆ ಬೇಕಾದದ್ದು ವಾರದ ರಜೆ ಬಿಟ್ಟು 26. ಹದಿನೇಳೂವರೆ ವರ್ಷ ದಾಟಿ ದುಡಿದ ಹೆಂಗಸೊಬ್ಬರು, ದಿನದ ಕೂಲಿ 480 ರೂಪಾಯಿ. ಆರು ತಿಂಗಳು ಮೀರಿದ್ದರಿಂದ ಸರ್ವಿಸ್ 18 ವರ್ಷ. ವರ್ಷಕ್ಕೆ 15 ದಿನದ ಕೂಲಿಯಂತೆ 1,29,600 ಬರಬೇಕು. ಪರದೆ ಮೇಲೆ ಬಂದದ್ದು 1,12,000 ಚಿಲ್ಲರೆ! ಒಬ್ಬರಿಗೇ ಹದಿನೇಳು ಸಾವಿರ ಖೋತಾ. ಅದು ಅವರು ಬೆವರು ಸುರಿಸಿದ ದುಡ್ಡು, ಬಿಡುವುದಕ್ಕಾಗುವುದಿಲ್ಲ.

ಹಳಬರದ್ದು ಬೇರೆಯೇ ತಾಪತ್ರಯ. ಕಂಪ್ಯೂಟರ್ ಹಾಕಿಕೊಟ್ಟವರು ಅವರೆಲ್ಲರ ಸೇರಿದ ದಿನಾಂಕವನ್ನು ಕಂಪ್ಯೂಟರ್ ಹಾಕಿದ ವರ್ಷದ ಏಪ್ರಿಲ್ ಒಂದು ಅಂತ ತುಂಬಿಬಿಟ್ಟಿದ್ದರು. ಹಿಂದಿನ ಸರ್ವಿಸ್ ಪೂರಾ ಹಾರಿಹೋಗಿತ್ತು. ಹಳೇ ಚೆಕ್‌ರೋಲ್ (ಹಾಜರಿ, ಕೂಲಿಯ) ಪುಸ್ತಕ ತೆಗೆದರೆ ಮಳೆಗಾಲದ ತೇವಕ್ಕೆ ಹಾಳೆಗಳು ಅಂಟಿಕೊಂಡಿವೆ. ಕೊನೆಗೆ ಪಿಎಫ್ ದಾಖಲೆಯ ದಿನಾಂಕ ಹಿಡಿದು, ಚೆಕ್‌ರೋಲ್‌ನಲ್ಲಿ ಓದಲು ಸಿಕ್ಕ ಹಾಜರಿಯ ಜೊತೆ ತಾಳೆ ನೋಡಿ ಒಬ್ಬೊಬ್ಬರದೇ ತಿದ್ದಿದೆ.

ಪೂರ್ತಿ ಕಿಲೋ ಲೆಕ್ಕದವರ ಗ್ರಾಚ್ಯುಟಿಗೆ ಕೆಲಸ ಬಿಡುವ ಹಿಂದಿನ ಮೂರು ತಿಂಗಳ ಕೂಲಿಯ ದಿನದ ಸರಾಸರಿ ತೆಗೆಯಬೇಕು, ಅದರಲ್ಲಿ ಓವರ್‌ಟೈಮ್ ಸೇರಬಾರದು. ಸಾಫ್ಟ್‌ವೇರ್ ಕೊನೆಯ ತಿಂಗಳೊಂದನ್ನೇ ನೋಡುತ್ತದೆ. ಅದನ್ನು ಮೂರು ತಿಂಗಳು ಹಿಂದಕ್ಕೆ ನೋಡುವಂತೆ ಮಾಡುವ ಉಪಾಯ ಸಿಕ್ಕಿದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಇದರ ನಡುವೆ ಸಂಜೆ ತೂಕದ ಕಿಲೋಗಳನ್ನು ನೇರ ಹಾಜರಿಗೇ ಸೇರಿಸಿ ನೋಡಿದೆ. ರೊಬಸ್ಟಾ ಕುಯ್ಲಿಗೆ ಚೆನ್ನಾಗಿ ನಡೆಯಿತು. ಕಾಳುಮೆಣಸಿಗೆ ಸರಿಬರಲಿಲ್ಲ, ನಮ್ಮಲ್ಲಿ ಅದಕ್ಕೆ ದಿನಕ್ಕೊಂದು ರೇಟು.

ಅಡ್ವಾನ್ಸ್ ವಿಷಯದಲ್ಲಿ ನನ್ನದೊಂದು ಪಟ್ಟು ಇದೆ. ಕೆಲಸಗಾರರು ಮುಂಗಡ ಪಡೆದದ್ದನ್ನು ಸಾಫ್ಟ್‌ವೇರ್ ಒಟ್ಟು ಮೊತ್ತದಲ್ಲೇ ಮುರಿಯುತ್ತಿತ್ತು, ಗ್ರಾಚ್ಯುಟಿಯೂ ಅದರಲ್ಲಿ ಹೋಗುತ್ತಿತ್ತು. ಈಗ ಗ್ರಾಚ್ಯುಟಿಗೆ ಬೇರೆಯೇ ವೋಚರ್. ಅಡ್ವಾನ್ಸ್ ಏನಿದ್ದರೂ ಬಾಕಿ ಕೂಲಿ ಮತ್ತು ದುಡಿದ 20 ದಿನಕ್ಕೊಂದರಂತೆ ಸಿಗುವ ರಜೆಯ ಸಂಬಳದಲ್ಲಿ ಮಾತ್ರ ಮುರಿಯುತ್ತೇನೆ. ಓನರ್ ಮೊದಲು ತಕರಾರು ತೆಗೆದರು, ಎರಡು ವೋಚರ್ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಸಹಿ ಹಾಕಿದರು.

ಪಿಎಫ್‌ನಲ್ಲಿ ಬಿಟ್ಟ ದಿನಾಂಕ ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅವರ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಹತ್ತು ವರ್ಷ ದಾಟಿದವರು ಪೆನ್ಶನ್ ದುಡ್ಡನ್ನೂ ಕೈಗೇ ಕೊಡಿ ಅನ್ನುತ್ತಾರೆ. ಅದು ಇಡಿಗಂಟಾಗಿ ಬರುವುದಿಲ್ಲ, 58ಕ್ಕೆ ಪೆನ್ಶನ್ ಆಗಿ ಬರುತ್ತದೆ ಅಂತ ಮೊದಲೇ ಹೇಳಿಬಿಡಿ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆ ಬಂದ ಮೇಲೆ ಬಾಕಿ ಕೂಲಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ಗ್ರಾಚ್ಯುಟಿಗೆ 30 ದಿನ ಇದೆ. ಕೈಲೆಕ್ಕದಲ್ಲಿ ಎರಡು ದಿನ ಎಲ್ಲಿ ಸಾಕಾಗ್ತದೆ? ನನಗೆ ಈಗ ಒಂದು ಮಧ್ಯಾಹ್ನ ಸಾಕು. ವರ್ಷದ ನಡುವೆ ಬಿಟ್ಟವರ ಬೋನಸ್ ಮಾತ್ರ ಇನ್ನೂ ಪುಸ್ತಕದಲ್ಲೇ ನೋಡುತ್ತೇನೆ, ಮುಂದಿನ ಕುಯ್ಲಿನೊಳಗೆ ಅದನ್ನೂ ಸೇರಿಸುತ್ತೇನೆ.