ಎನ್‌ಡಿಎಗೆ ಗಣಿತ ಎಷ್ಟು, ಮೈದಾನ ಎಷ್ಟು?

ಪುಣೆ ಬಳಿಯ ಖಡಕವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ (ಎನ್‌ಡಿಎ) ಆಯ್ಕೆ ನಡೆಯುವುದು 1,800 ಅಂಕಗಳಿಗೆ. ಅದರಲ್ಲಿ ಎನ್‌ಸಿಸಿ ಸರ್ಟಿಫಿಕೇಟಿಗೆ ಒಂದೂ ಅಂಕವಿಲ್ಲ, ಜಿಲ್ಲಾ ಮಟ್ಟದ ಕಬಡ್ಡಿ ಪದಕಕ್ಕೂ ಇಲ್ಲ. ಹಾಗಂತ ಎರಡು ವರ್ಷ ಟ್ಯೂಷನ್ ಬಿಟ್ಟು ಹೊರಗೆ ಕಾಲಿಡದವರಿಗೆ ಎಸ್‌ಎಸ್‌ಬಿ (ಸೇನಾ ಆಯ್ಕೆ ಮಂಡಳಿ) ಸಂದರ್ಶನದಲ್ಲಿ ಹೇಳಿಕೊಳ್ಳಲು ಏನೂ ಉಳಿದಿರುವುದಿಲ್ಲ. ಯಾವ ತಿಂಗಳು ಯಾವುದನ್ನು ಬಿಡಬೇಕು ಎಂದು ಪ್ರಥಮ ಪಿಯುಸಿಯಲ್ಲೇ ತೀರ್ಮಾನಿಸಿಕೊಂಡರೆ ಎರಡೂ ಕೈಗೆ ಹತ್ತುತ್ತವೆ.

ಮೊದಲು ಅಂಕದ ಲೆಕ್ಕ

ಲಿಖಿತ ಪರೀಕ್ಷೆ 900, ಎಸ್‌ಎಸ್‌ಬಿ 900. ಗಣಿತ 300 ಅಂಕಕ್ಕೆ: ಎರಡೂವರೆ ತಾಸಿನಲ್ಲಿ 120 ಪ್ರಶ್ನೆ, ಅಂದರೆ ಒಂದಕ್ಕೆ 75 ಸೆಕೆಂಡ್. ಇನ್ನೊಂದು ಪತ್ರಿಕೆ 600 ಅಂಕದ್ದು. ಅದರಲ್ಲಿ ಇಂಗ್ಲಿಷ್ 200. ಉಳಿದ 400ರಲ್ಲಿ ಭೌತಶಾಸ್ತ್ರ ಸುಮಾರು 100, ರಸಾಯನಶಾಸ್ತ್ರ 60, ಇತಿಹಾಸ 80, ಭೂಗೋಳ 80. ಉತ್ತರ ತಪ್ಪಾದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ.

ಸೈನ್ಸ್ ಮಕ್ಕಳು ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಸಮಾಜ ವಿಜ್ಞಾನದ ಪುಸ್ತಕ ರದ್ದಿಗೆ ಹಾಕುತ್ತಾರೆ. ಇತಿಹಾಸ, ಭೂಗೋಳದ 160 ಅಂಕ ಅದರ ಜೊತೆಗೇ ಹೋಗುತ್ತದೆ. 8ರಿಂದ 10ನೇ ತರಗತಿಯ ಪುಸ್ತಕ ಇಟ್ಟುಕೊಂಡು ದಿನಾ 20 ನಿಮಿಷ ಓದಿ. 2023 ಮತ್ತು 2024ರಲ್ಲಿ ಲಿಖಿತದ ಕಟ್‌ಆಫ್ 300ರ ಆಸುಪಾಸಿನಲ್ಲೇ ಇತ್ತು. 160 ಎಂದರೆ ಅದರ ಅರ್ಧಕ್ಕಿಂತ ಹೆಚ್ಚು.

ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡದಲ್ಲಿಲ್ಲ. ನಮ್ಮ ಕಲಬುರಗಿ ಭಾಗದಲ್ಲಿ ಹಿಂದಿ ಕಿವಿಗೆ ಹೊಸದಲ್ಲ ನಿಜ, ಆದರೆ ಬಜಾರಿನ ಹಿಂದಿಯಿಂದ ತ್ರಿಕೋನಮಿತಿಯ ಲೆಕ್ಕ ಅರ್ಥವಾಗುವುದಿಲ್ಲ. ಪ್ರಶ್ನೆಯನ್ನು ಇಂಗ್ಲಿಷಿನಲ್ಲೇ ಓದುವ ರೂಢಿ ಮಾಡಿಕೊಳ್ಳಿ.

ಚಟುವಟಿಕೆ ಒಂದು, ಹೆಚ್ಚೆಂದರೆ ಎರಡು

ಎಸ್‌ಎಸ್‌ಬಿಯಲ್ಲಿ ಮೊದಲು ತುಂಬಿಸಿಕೊಳ್ಳುವುದು ಪಿಐಕ್ಯೂ ಎಂಬ ಫಾರ್ಮ್. ಹತ್ತನೇ ತರಗತಿಯಿಂದ ಬಂದ ಅಂಕ, ಆಟ, ಹವ್ಯಾಸ, ಎನ್‌ಸಿಸಿ, ಹೊತ್ತ ಜವಾಬ್ದಾರಿ ಎಲ್ಲಕ್ಕೂ ಅದರಲ್ಲಿ ಕಾಲಂ ಇದೆ. ಸಂದರ್ಶನ ಮಾಡುವ ಅಧಿಕಾರಿ ಅದನ್ನು ಮುಂದಿಟ್ಟುಕೊಂಡೇ ಕೆದಕುತ್ತಾರೆ. ‘ಹವ್ಯಾಸ: ಓದು’ ಎಂದು ಬರೆದರೆ ಕೊನೆಗೆ ಓದಿದ್ದು ಯಾವುದು, ಅದರಲ್ಲಿ ಒಪ್ಪಿಗೆಯಾಗದ ಮಾತು ಯಾವುದು ಎಂಬಲ್ಲಿಗೆ ಪ್ರಶ್ನೆ ಬಂದು ನಿಲ್ಲುತ್ತದೆ. ಕ್ವಿಜ್, ಚೆಸ್, ಕರಾಟೆ, ಭಾಷಣ ಎಂದು ಆರು ತಿಂಗಳಿಗೊಂದು ಹಿಡಿದು ಬಿಟ್ಟವರು ಇಲ್ಲೇ ಸಿಕ್ಕಿಬೀಳುವುದು.

ತಂಡದ ಆಟ ಒಂದನ್ನು ಎರಡು ವರ್ಷ ಬಿಡದೆ ಆಡಿ. ಅದರ ಜೊತೆಗೆ, ನಾಲ್ಕು ಜನರನ್ನು ಕೂಡಿಸಿ ಮಾಡುವ ಒಂದು ಕೆಲಸವಿರಲಿ: ಶರಣಬಸವೇಶ್ವರರ ಜಾತ್ರೆಯಲ್ಲಿ ಗೆಳೆಯರ ಜೊತೆ ಅರವಟಿಗೆ ನಡೆಸಿದ್ದೂ ಆದೀತು, ತೊಗರಿ ರಾಶಿಗೆ ಆಳು ಹೊಂದಿಸಿ ಕೂಲಿ ಲೆಕ್ಕ ಬರೆದಿಟ್ಟದ್ದೂ ಆದೀತು. ಹೊಲದ ಕೆಲಸ ಹೇಳಲು ಮಕ್ಕಳು ಯಾಕೋ ನಾಚುತ್ತಾರೆ. ನಮ್ಮ ಲೆಕ್ಕದಲ್ಲಿ ಅದು ಬರೀ ಭಾಗವಹಿಸಿದ್ದಕ್ಕೆ ಸಿಕ್ಕ ಹತ್ತು ಪ್ರಮಾಣಪತ್ರಗಳಿಗಿಂತ ಗಟ್ಟಿ.

ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಸೇರಿ, ಇಲ್ಲವೆಂದು ಕಾಲೇಜು ಬದಲಿಸಬೇಡಿ. ಪಿಯುಸಿಯ ಎರಡು ವರ್ಷದಲ್ಲಿ ಸಿಗುವುದು ಹೆಚ್ಚೆಂದರೆ ‘ಬಿ’ ಸರ್ಟಿಫಿಕೇಟ್. ‘ಸಿ’ ಇದ್ದವರಿಗಿರುವ ವಿಶೇಷ ಪ್ರವೇಶ ಪದವಿ ಮುಗಿದ ಮೇಲಿನ ಮಾತು.

ತಿಂಗಳ ಲೆಕ್ಕ

ಪರೀಕ್ಷೆ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರಿನಲ್ಲಿ. ದ್ವಿತೀಯ ಪಿಯುಸಿಯ ಸೆಪ್ಟೆಂಬರಿನಲ್ಲಿ ಬರೆದರೆ ತರಬೇತಿ ಮುಂದಿನ ಜುಲೈಗೆ ಶುರುವಾಗುತ್ತದೆ, ವರ್ಷ ಹಾಳಾಗುವುದಿಲ್ಲ. ಪಿಯುಸಿ ಮುಗಿಸಿ ಏಪ್ರಿಲಿನಲ್ಲಿ ಬರೆದರೆ ಜನವರಿವರೆಗೆ ಕಾಯಬೇಕು.

ತೊಡಕಿರುವುದೂ ಆ ಸೆಪ್ಟೆಂಬರಿನಲ್ಲೇ. ಕಾಲೇಜು ಕ್ರೀಡಾಕೂಟಗಳು ಅದೇ ಮಳೆಗಾಲದಲ್ಲಿ ಬರುತ್ತವೆ, ತರಗತಿಯಲ್ಲಿ ಇಂಟಿಗ್ರೇಷನ್ ಇನ್ನೂ ಮುಗಿದಿರುವುದಿಲ್ಲ. ಆದ್ದರಿಂದ ಕ್ರೀಡಾಕೂಟ, ಶಿಬಿರ ಎಲ್ಲ ಪ್ರಥಮ ಪಿಯುಸಿಯಲ್ಲೇ ಮುಗಿಯಲಿ. ನಂತರದ ಬೇಸಿಗೆ ರಜೆಯಲ್ಲಿ ಮ್ಯಾಟ್ರಿಕ್ಸ್, ಡಿಟರ್ಮಿನೆಂಟ್, ಡಿಫರೆನ್ಸಿಯೇಷನ್ ಮುಗಿಸಿಕೊಳ್ಳಿ. ಜೂನ್‌ನಿಂದ ಇಂಟಿಗ್ರೇಷನ್, ವೆಕ್ಟರ್. ಲೀನಿಯರ್ ಪ್ರೋಗ್ರಾಮಿಂಗ್ ಎನ್‌ಡಿಎಗೆ ಬೇಡ, ಬೋರ್ಡ್ ಪರೀಕ್ಷೆಗೆ ಆಮೇಲೆ ಓದಿದರಾಯಿತು. ಜುಲೈ, ಆಗಸ್ಟಿನಲ್ಲಿ ಪಂದ್ಯ ಬಿಡಿ, ಓಟ ಬಿಡಬೇಡಿ.

ದಿನಕ್ಕೆ ಮೈದಾನಕ್ಕೆ 45 ನಿಮಿಷ ಸಾಕು. ಆಯ್ಕೆಯಾದವರು ಸೇರುವ ಹೊತ್ತಿಗೆ 2.4 ಕಿ.ಮೀ.ಯನ್ನು 15 ನಿಮಿಷದಲ್ಲಿ ಓಡುವಂತಿರಬೇಕು. 400 ಮೀಟರ್ ಟ್ರ್ಯಾಕಿನಲ್ಲಿ ಅದು ಆರು ಸುತ್ತು. ಜೊತೆಗೆ 20 ಪುಷ್‌ಅಪ್, 20 ಸಿಟ್‌ಅಪ್, 8 ಚಿನ್‌ಅಪ್. ಚಿನ್‌ಅಪ್ ಒಂದೆರಡು ತಿಂಗಳಿನಲ್ಲಿ ಬರುವುದಲ್ಲ, ಈಗಲೇ ಶುರುಮಾಡಿ. ಬೇಸಿಗೆಯಲ್ಲಿ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ 6ರೊಳಗೆ ಓಟ ಮುಗಿಸದಿದ್ದರೆ ಮಧ್ಯಾಹ್ನದ ಓದು ನಿದ್ದೆಗೆ ಹೋಗುತ್ತದೆ. ವಾರಕ್ಕೊಂದು ಹಳೆ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ. ಹೆಜ್ಜೆ ಹೆಜ್ಜೆಯಾಗಿ ಬರೆಯುವ ಬೋರ್ಡ್ ಪರೀಕ್ಷೆಯ ಅಭ್ಯಾಸ ಇಲ್ಲಿ ಕೈ ಕಟ್ಟಿಹಾಕುತ್ತದೆ.

ಅರ್ಜಿ

ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. 2021ರ ಸುಪ್ರೀಂ ಕೋರ್ಟ್ ಆದೇಶದ ನಂತರ ಹುಡುಗಿಯರೂ ಬರೆಯಬಹುದು, ಅವರಿಗೆ 100 ರೂಪಾಯಿ ಶುಲ್ಕವೂ ಇಲ್ಲ. ವಾಯುಪಡೆ, ನೌಕಾಪಡೆ ಬೇಕಿದ್ದರೆ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಓದಿರಬೇಕು. ಭೂಸೇನೆಗೆ ಯಾವ ವಿಭಾಗವಾದರೂ ಆಯಿತು. ಸಿಇಟಿಗೆಂದು ಮಾಡಿಸಿಟ್ಟ, ಕಲ್ಯಾಣ ಕರ್ನಾಟಕದವರ ಮೀಸಲಾತಿಯ 371(ಜೆ) ಪ್ರಮಾಣಪತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಹುಟ್ಟಿದ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಆಧಾರ. ಆಧಾರ್‌ನಲ್ಲಿ ಹೆಸರಿನ ಸ್ಪೆಲ್ಲಿಂಗ್ ಅಥವಾ ತಾರೀಖು ಬೇರೆಯಿದ್ದರೆ ಮೇ ತಿಂಗಳ ಅಧಿಸೂಚನೆಗೆ ಮೊದಲೇ ತಿದ್ದಿಸಿ. ಅರ್ಜಿ ತೆರೆದ ಮೇಲೆ ಸೇವಾ ಕೇಂದ್ರದ ಮುಂದೆ ಸಾಲು ನಿಂತರೆ ಓದುವ ವಾರವೊಂದು ಅಲ್ಲೇ ಕಳೆಯುತ್ತದೆ.