ಒಂದೇ ಪಯಣ, ಹಲವು ದಿನಚರಿ: ಕೊಸಿಮೊ ಪ್ರವಾಸವನ್ನು ನಾನು ಓದಿದ ಬಗೆ

ಟಸ್ಕನಿಯ ಯುವರಾಜ ಕೊಸಿಮೊ ದೆ ಮೆದಿಚಿ 1668ರ ಸೆಪ್ಟೆಂಬರಿನಲ್ಲಿ ಫ್ಲಾರೆನ್ಸ್ ಬಿಟ್ಟು ಸ್ಪೇನ್, ಪೋರ್ಚುಗಲ್, ಇಂಗ್ಲೆಂಡ್, ಹಾಲೆಂಡ್, ಫ್ರಾನ್ಸ್ ಸುತ್ತಿ ಮರುವರ್ಷ ನವೆಂಬರಿನಲ್ಲಿ ಮರಳಿದ. ಜೊತೆಗಿದ್ದವರಲ್ಲಿ ಹಲವರು ಬರೆದಿಟ್ಟರು. ಲೊರೆಂಜೊ ಮಗಲೊತ್ತಿಯ ಹೆಸರಿನಲ್ಲಿರುವುದು ಆಸ್ಥಾನದ ವರದಿ. ಫಿಲಿಪ್ಪೊ ಕೊರ್ಸಿನಿ, ವೈದ್ಯ ಗೊರ್ನಿಯಾ ಇವರದು ದಿನಚರಿ. ಪಿಯೆರ್ ಮರಿಯಾ ಬಾಲ್ಡಿ ದಾರಿಯ ಊರುಗಳನ್ನು ಚಿತ್ರಿಸುತ್ತಾ ಬಂದ.

ಒಂದನ್ನು ಮುಗಿಸಿ ಇನ್ನೊಂದನ್ನು ಹಿಡಿದರೆ ಏನೂ ದಕ್ಕುವುದಿಲ್ಲ. ನಾನು ದಿನಕ್ಕೊಂದು ಸಾಲು, ಬರೆದವನಿಗೊಂದು ಅಂಕಣ ಮಾಡಿಕೊಂಡೆ. ಖಾಸಗಿ ದಿನಚರಿ ಮೊದಲು, ಆಸ್ಥಾನದ ವರದಿ ಕೊನೆಗೆ. ಅರಮನೆಯ ಕಣ್ಣಿಗೆ ಬೀಳಲೆಂದೇ ಬರೆದದ್ದರಲ್ಲಿ ಮಾತು ತೂಗಿಯೇ ಬಂದಿರುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ತಾರೀಖು. ಫ್ಲಾರೆನ್ಸಿನವರಿಗೆ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ; ಅವರ ಲೆಕ್ಕದ 1668ರ ಫೆಬ್ರವರಿ ನಮಗೆ 1669ರದು. ಇಂಗ್ಲೆಂಡ್ ಇನ್ನೂ ಹಳೆಯ ಪಂಚಾಂಗದಲ್ಲೇ ಇದ್ದು ಇಟಲಿಗಿಂತ 10 ದಿನ ಹಿಂದಿತ್ತು. ದಿನಚರಿ ಬರೆದಿಟ್ಟ ಇಂಗ್ಲಿಷಿನವ ಸ್ಯಾಮ್ಯುಯೆಲ್ ಪೀಪ್ಸ್ ಲಂಡನ್ನಿನಲ್ಲಿ ಕೊಸಿಮೊನನ್ನು ಕಂಡದ್ದು 1669ರ ಏಪ್ರಿಲ್ 11, ಈಸ್ಟರ್ ಭಾನುವಾರ. ಇಟಲಿಯವರಿಗೆ ಅದು ಏಪ್ರಿಲ್ 21. ಆ ವರ್ಷ ಎರಡೂ ಪಂಚಾಂಗದ ಈಸ್ಟರ್ ಒಂದೇ ದಿನ ಬಿದ್ದಿತ್ತು. ಆ ಭಾನುವಾರ ಸಿಕ್ಕಿದ ಮೇಲೆ ಹಿಂದುಮುಂದಿನ ಸಾಲುಗಳು ತಾವಾಗಿ ಕೂತವು. ಪೀಪ್ಸ್ ಕಂಡದ್ದು ಶೋಕದ ಉಡುಪು ತೊಟ್ಟ, ಲಕ್ಷಣವಾದ, ದಪ್ಪ ಮನುಷ್ಯನನ್ನು. ಪರಿವಾರದವರು ತಮ್ಮ ಒಡೆಯನ ಮೈಕಟ್ಟಿನ ಬಗ್ಗೆ ಹೀಗೆ ಬರೆಯುವಂತಿರಲಿಲ್ಲ. ಆದ್ದರಿಂದ ಆತಿಥೇಯ ಊರಿನವರಿಗೂ ಒಂದು ಅಂಕಣ ಇರಲೇಬೇಕು.

ಬಾಲ್ಡಿಯ ಚಿತ್ರಗಳಿಗೂ ಒಂದು ಅಂಕಣ. ಸ್ಪೇನಿನ ಯಾತ್ರಾಸ್ಥಳ ಸಂತಿಯಾಗೊದ ಕ್ಯಾಥೆಡ್ರಲಿನ ಈಗಿನ ಮುಂಭಾಗ 18ನೇ ಶತಮಾನದ್ದು. ಅವನು ಬಿಡಿಸಿದ್ದು ಅದಕ್ಕೂ ಹಿಂದಿನ ಊರು. ಇಲ್ಲಿ ಚಿತ್ರ ಬರಹಕ್ಕಿಂತ ಗಟ್ಟಿ ಸಾಕ್ಷಿ. ಅಲ್ಲಿಂದ ಮುಂದೆ ಇಂಗ್ಲೆಂಡಿಗೆ ಹೊರಟ ಹಡಗು ಗಾಳಿಗೆ ಸಿಕ್ಕಿ ಐರ್ಲೆಂಡಿನ ಕಿನ್ಸೇಲ್ ಮುಟ್ಟಿತು.

ಬಾಲ್ಡಿ ಚಿತ್ರಗಳಿರುವ ಹಸ್ತಪ್ರತಿ ಫ್ಲಾರೆನ್ಸಿನ ಲಾರೆಂಜಿಯಾನಾ ಗ್ರಂಥಾಲಯದಲ್ಲಿದೆ. ಹೊಸಬರು ಇಂಗ್ಲೆಂಡ್ ಭಾಗದಿಂದ ಶುರುಮಾಡಲಿ. ಅದರ ಇಂಗ್ಲಿಷ್ ಅನುವಾದ 1821ರಲ್ಲೇ ಅಚ್ಚಾಗಿದೆ.

ಈಗ ಕೊಸಿಮೊನ ಇದಕ್ಕೂ ಹಿಂದಿನ, ಮೊದಲ ಪ್ರವಾಸ ಹಿಡಿದಿದ್ದೇನೆ. 1667ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೊಸಿಮೊ ರೆಂಬ್ರಾಂಟನ ಬಳಿ ಹೋದದ್ದನ್ನು ಕೊರ್ಸಿನಿ ಬರೆದಿದ್ದಾನೆ, ಅವನನ್ನು ಪ್ರಸಿದ್ಧ ಚಿತ್ರಗಾರನೆಂದೂ ಕರೆದಿದ್ದಾನೆ. ಆ ದಿನದ ಸಾಲಿನಲ್ಲಿ ಉಳಿದ ಅಂಕಣಗಳನ್ನು ಇನ್ನೂ ತುಂಬಬೇಕಿದೆ.