ಸೋತವರ ಮನೆಗೂ ಹೋಗಿ: ಊರಿನ ಪಂದ್ಯಾಟದ ಚರಿತ್ರೆ ಬರೆಯುವ ಬಗೆ

ನಮ್ಮೂರು ಉಡುಪಿ ಕಡೆಯ ಕಾಪುವಿನಿಂದ ಸ್ವಲ್ಪ ಒಳಗೆ. ಅಲ್ಲಿನ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಕ್ಕೆ ಸ್ಮರಣ ಸಂಚಿಕೆ ತರಬೇಕೆಂದು ಸಮಿತಿಯವರು ನನ್ನ ಕೈಗಿತ್ತದ್ದು ಒಂದೇ ಹಾಳೆ: ಗೆದ್ದ ತಂಡಗಳ ಪಟ್ಟಿ. ಅದರಲ್ಲೂ ಮೊದಲ ಆರು ವರ್ಷ ಖಾಲಿ. ಎರಡು ಮಳೆಗಾಲ ಅದರ ಬೆನ್ನು ಹಿಡಿದೆ. ನಿಮ್ಮ ಊರಿನಲ್ಲಿ ಯಾರಾದರೂ ಈ ಕೆಲಸಕ್ಕೆ ಇಳಿಯುವುದಾದರೆ, ಕಲಿತಷ್ಟನ್ನು ಹೇಳುತ್ತೇನೆ.

ಮೊದಲು ದುಡ್ಡಿನ ವಿಷಯ ಕೇಳಿ. ಇದನ್ನು ನನಗೆ ಕಲಿಸಿದ್ದು ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಪುಟ್ಟ ಪೇಟೆ. 1883ರಲ್ಲಿ ಅಲ್ಲಿನ ರಗ್ಬಿ ಕ್ಲಬ್ಬಿನ ಬೊಕ್ಕಸ ಬರಿದಾಗಿತ್ತು. ಮಾಂಸದಂಗಡಿಯಲ್ಲಿ ದುಡಿಯುತ್ತಿದ್ದ ನೆಡ್ ಹೇಗ್ ಎಂಬ ಆಟಗಾರ, ಕ್ರೀಡಾಕೂಟ ನಡೆಸಿ ಹಣ ಕೂಡಿಸೋಣ, ಅದರಲ್ಲಿ ರಗ್ಬಿಯೂ ಇರಲಿ ಎಂದ. ರಗ್ಬಿಗೆ ತಂಡಕ್ಕೆ ಹದಿನೈದು ಜನ ಬೇಕು. ಅಷ್ಟು ಜನರನ್ನಿಟ್ಟುಕೊಂಡು ಒಂದೇ ಮಧ್ಯಾಹ್ನ ಹಲವು ಪಂದ್ಯ ಮುಗಿಸಲಾಗದು. ಹಾಗಾಗಿ ತಂಡಕ್ಕೆ ಏಳೇ ಜನ, ಪಂದ್ಯಕ್ಕೆ ಹದಿನೈದೇ ನಿಮಿಷ. ಏಪ್ರಿಲ್ 28ರಂದು ಆಟ ನಡೆಯಿತು. ಕಪ್ ಕೊಟ್ಟವರು ಊರಿನ ಹೆಂಗಸರು. ಅದೇ ಏಳು ಜನರ ಆಟ 2016ರಲ್ಲಿ ರಿಯೊ ಒಲಿಂಪಿಕ್ಸ್ ತಲುಪಿತು, ಪುರುಷರ ಚಿನ್ನವನ್ನು ಫಿಜಿ ಗೆದ್ದಿತು. ಇಷ್ಟಕ್ಕೂ ಬೇರು ಒಂದು ಕ್ಲಬ್ಬಿನ ಹಣದ ಅಡಚಣೆ.

ಇದನ್ನು ಓದಿಕೊಂಡ ಮೇಲೆ ನಮ್ಮ ಹಿರಿಯರ ಬಳಿ ಅದನ್ನೇ ಕೇಳಿದೆ. ಗಾಳಿಮಳೆಗೆ ಶಾಲೆಯ ಮಾಡು ಹಾರಿತ್ತಂತೆ. ಹೆಂಚಿಗೆಂದು ಎತ್ತಿದ ದುಡ್ಡಂತೆ. ಹಳೆಯ ಖಜಾಂಚಿಯ ಮನೆಯ ಅಟ್ಟದಲ್ಲಿದ್ದ ಲೆಕ್ಕದ ಪುಸ್ತಕ ಅದಕ್ಕೆ ಸಾಕ್ಷಿ ಹೇಳಿತು: ಹೆಂಚು, ರೀಪು, ಪಕ್ಕಾಸು, ಬಡಗಿಯ ಕೂಲಿ. ಲೆಕ್ಕದ ಪುಸ್ತಕವನ್ನು ಸಾಲು ಸಾಲಾಗಿ ಓದಿ. ನಮ್ಮದರಲ್ಲಿ ‘ಟ್ಯೂಬ್‌ಲೈಟ್ ಬಾಡಿಗೆ’ ಎಂಬುದು ಮೊದಲು ಕಾಣಿಸುವುದು ನಾಲ್ಕನೆಯ ವರ್ಷ. ಅಂದರೆ ಅಲ್ಲಿಯವರೆಗೆ ಆಟ ಹಗಲಿನಲ್ಲೇ ನಡೆದಿತ್ತು. ಆರಂಭದಿಂದಲೂ ಹೊನಲು ಬೆಳಕಿನದೆಂದು ನಾವೆಲ್ಲ ನಂಬಿದ್ದೆವು.

ವರ್ಷ ವರ್ಷ ಗೆದ್ದವರ ಕೈಗೆ ದಾಟುವ ಪರ್ಯಾಯ ಫಲಕದ ಮೇಲಿನ, ಹೆಸರು ಕೊರೆದ ಪುಟ್ಟ ತಗಡುಗಳನ್ನು ದಯವಿಟ್ಟು ಹುಣಸೆಹುಳಿ ಹಾಕಿ ಉಜ್ಜಬೇಡಿ. ಉಜ್ಜಿದಷ್ಟೂ ಅಕ್ಷರ ಸವೆಯುತ್ತದೆ. ಕತ್ತಲೆ ಕೋಣೆಯಲ್ಲಿ ಮೊಬೈಲಿನ ಬೆಳಕನ್ನು ಓರೆಯಾಗಿ ಬಿಟ್ಟು ಫೋಟೋ ತೆಗೆಯಿರಿ. ಗೀರಿನ ಅಂಚಿಗೆ ನೆರಳು ಬಿದ್ದು ಹೆಸರು ಎದ್ದು ಬರುತ್ತದೆ.

ಇನ್ನು ಇಸವಿ. ಯಾವ ವರ್ಷ ಎಂದು ನೇರವಾಗಿ ಕೇಳಿದರೆ ಹಿರಿಯರು ತಬ್ಬಿಬ್ಬಾಗುತ್ತಾರೆ. ಯಾರ ಪರ್ಯಾಯ ಎಂದು ಕೇಳಿ. ಉಡುಪಿಯಲ್ಲಿ ಕೃಷ್ಣನ ಪೂಜೆ ಎರಡು ವರ್ಷಕ್ಕೊಮ್ಮೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ, ಅದೇ ಪರ್ಯಾಯ. ಎಂಟು ಮಠ, ಹದಿನಾರು ವರ್ಷಕ್ಕೆ ಒಂದು ಸುತ್ತು. ನಮ್ಮ ಮೊದಲ ಪಂದ್ಯಾಟ ಕಾಣಿಯೂರು ಮಠದ ಪರ್ಯಾಯದಲ್ಲಿ ಎಂದರು ಒಬ್ಬರು. ಅದು 1982ರ ಜನವರಿಯಿಂದ ಎರಡು ವರ್ಷ, ಇಲ್ಲವೇ 1998ರಿಂದ. ಕಪಿಲ್ ದೇವ್ ವಿಶ್ವಕಪ್ ಎತ್ತಿದ್ದು ಆ ಪಂದ್ಯಾಟದ ಮುಂದಿನ ಮಳೆಗಾಲದಲ್ಲಿ ಎಂದರು ಇನ್ನೊಬ್ಬರು. ಅಂದರೆ 1983ರ ಜೂನ್‌ಗಿಂತ ಮೊದಲು. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲು ಆಗಷ್ಟೇ ಮುಗಿದು ಗದ್ದೆಯ ಕೂಳೆ ಬರಿಗಾಲಿಗೆ ಚುಚ್ಚುತ್ತಿತ್ತು ಎಂದು ಮೂರನೆಯವರು ಸೇರಿಸಿದರು. ಹಾಗಿದ್ದರೆ 1982ರ ಕೊನೆ. ಮೂವರನ್ನೂ ಬೇರೆ ಬೇರೆಯಾಗಿ ಕೇಳಿದ್ದರಿಂದ ಇದು ಸಾಧ್ಯವಾಯಿತು. ಒಟ್ಟಿಗೆ ಕೂರಿಸಿದರೆ ಜೋರು ಧ್ವನಿಯವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ. ಹಳೆಯ ಸರಕಾರಿ ಕಾಗದ ಹುಡುಕುವವರು 1997ರವರೆಗೆ ಉಡುಪಿ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತೆಂಬುದನ್ನು ಮರೆಯಬಾರದು.

ಫೋಟೋಗಳು ಮುಂಬಯಿಯಲ್ಲಿರುತ್ತವೆ. ಆಗಿನ ಹುಡುಗರು ಅಲ್ಲಿನ ಹೋಟೆಲುಗಳಿಗೆ ದುಡಿಯಲು ಹೋದವರು. ಜಾತ್ರೆಗೆ ಊರಿಗೆ ಬರುವಾಗ ತರಲು ಹೇಳಿ. ಫೋಟೋವನ್ನು ಕೈಗೆ ಕೊಟ್ಟೇ ಮಾತಿಗೆ ಕೂರಿಸಿ, ಬಲೆಯ ಹಿಂದೆ ನಿಂತವರು ಯಾರು ಎಂದು ಕೇಳಿ. ರಾತ್ರಿ ಗಂಜಿ ಬೇಯಿಸಿ ಬಡಿಸಿದ ಹೆಂಗಸರ ಹೆಸರು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಅದನ್ನು ಕೇಳಿಯೇ ಬರೆದುಕೊಳ್ಳಬೇಕು.

ಕೊನೆಯದಾಗಿ ಜಗಳ. ಮೆಲ್ರೋಸಿನ ಮೊದಲ ಫೈನಲ್ಲೇ ತಕರಾರಿನಲ್ಲಿ ಮುಗಿದಿತ್ತು. ನೆರೆಯ ಪೇಟೆಯ ಗಾಲಾ ತಂಡದೊಂದಿಗೆ ಸಮವಾಗಿ ಆಟ ಮುಂದುವರಿಯಿತು. ಹೆಚ್ಚುವರಿ ಸಮಯದಲ್ಲಿ ಮೆಲ್ರೋಸಿನವರು ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿ ಒಂದು ‘ಟ್ರೈ’ ಗಳಿಸಿ, ಗೆದ್ದೆವೆಂದು ಮೈದಾನ ಬಿಟ್ಟರು. ಸಮಯ ಇನ್ನೂ ಉಳಿದಿತ್ತು ಎಂದು ಗಾಲಾದವರು ವಾದಿಸಿದರು. ಆ ತಕರಾರು ಅಳಿಯದೆ ದಾಖಲಾಗಿ ಉಳಿದದ್ದರಿಂದಲೇ ಆ ಮಧ್ಯಾಹ್ನ ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ.

ನಮ್ಮಲ್ಲಿಯೂ ಒಂದು ಫೈನಲ್ ಹಾಗೆಯೇ ಕೆಟ್ಟಿತ್ತು. ಕೊನೆಯ ಸೆಟ್, 14-13, ಎದುರಾಳಿಯ ಕೈ ಬಲೆಗೆ ತಾಗಿ ತಪ್ಪಾಯಿತೆಂದು ರೆಫ್ರಿ ಸೀಟಿ ಊದಿದರು. ಸೋತವರು ಎರಡನೆಯ ಬಹುಮಾನವನ್ನೂ ಮುಟ್ಟದೆ ಹೊರಟುಹೋದರು. ಇದನ್ನು ಬಿಟ್ಟುಬಿಡಿ ಎಂದು ಸಮಿತಿಯಲ್ಲಿ ಹಲವರು ಹೇಳಿದರು. ನಾನು ಹೊಳೆಯಾಚೆಯ ಆ ಆಟಗಾರನ ಮನೆಗೆ ಹೋದೆ. ಕಾಫಿ ಕೊಟ್ಟ ಮೇಲೆ ಅವರು ಅಂಗಳಕ್ಕೆ ಕರೆದು, ಬಟ್ಟೆ ಒಣಗಿಸುವ ಹಗ್ಗದ ಮುಂದೆ ನಿಂತು ಕೈ ಎತ್ತಿ ತೋರಿಸಿದರು. ಬೆರಳಿಗೂ ಹಗ್ಗಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಜಾಗವಿತ್ತು. ‘ಇಷ್ಟು ದೂರ ಇತ್ತು’ ಎಂದರು.

ಅವರ ಮಾತನ್ನೂ ರೆಫ್ರಿಯ ಮಾತನ್ನೂ ಸಂಚಿಕೆಯ ಎದುರುಬದುರು ಪುಟಗಳಲ್ಲಿ ಹಾಕಿದ್ದೇವೆ.